ಟೇಲರ್ ಎಲ್ಲಿಗೂ ಹೋಗಿಲ್ಲ

ಪ್ರಶ್ನೆ: ಪೀಣ್ಯದ ಗಾರ್ಮೆಂಟ್ ಕಾರ್ಖಾನೆಯೊಂದರ ಎಚ್.ಆರ್. ವಿಭಾಗದಲ್ಲಿ ಕೆಲಸ ಮಾಡುತ್ತಾ ದೂರಶಿಕ್ಷಣದಲ್ಲಿ ಎಂ.ಬಿ.ಎ. ಓದುತ್ತಿದ್ದೇನೆ. ಪಠ್ಯದಲ್ಲಿ ಟೇಲರ್, ಫಯೋಲ್, ವೆಬರ್, ಮೇಯೊ, ಮ್ಯಾಕ್‌ಗ್ರೆಗರ್ ಎಂಬ ನಿರ್ವಹಣಾ ಚಿಂತಕರು ಸಾಲಾಗಿ ಬರುತ್ತಾರೆ. ಹಿಂದಿನವರ ತಪ್ಪನ್ನು ಮುಂದಿನವರು ತಿದ್ದುತ್ತಾ ಬಂದರು, ಕೊನೆಗೆ ಮಾನವ ಸಂಪನ್ಮೂಲ ನಿರ್ವಹಣೆ ಹುಟ್ಟಿತು ಎಂಬ ಧಾಟಿ. ನಮ್ಮ ಫ್ಲೋರಿನಲ್ಲಿ ಮಾತ್ರ ಇಂದಿಗೂ ಸ್ಟಾಪ್‌ವಾಚ್ ಹಿಡಿದವರೇ ಓಡಾಡುತ್ತಾರೆ. ನಿಜಕ್ಕೂ ವಿಕಾಸ ಆಗಿದೆಯೇ? ಎಚ್.ಆರ್. ಎಂಬುದು ಹಳೆಯ ಪರ್ಸನಲ್ (ಸಿಬ್ಬಂದಿ) ವಿಭಾಗಕ್ಕೆ ಹಾಕಿದ ಹೊಸ ಬೋರ್ಡೇ? ಮುಂದೆ ನಾನು ಕಾರ್ಮಿಕ ಕಾನೂನಿನ ಡಿಪ್ಲೊಮಾ ಮಾಡಲೇ, ಡೇಟಾ ಅನಲಿಟಿಕ್ಸ್ ಕಲಿಯಲೇ?

ಉತ್ತರ: ಪಠ್ಯಕ್ಕಿಂತ ನಿಮ್ಮ ಕಣ್ಣನ್ನೇ ಹೆಚ್ಚು ನಂಬಿ. ಈ ಸಿದ್ಧಾಂತಗಳಲ್ಲಿ ಯಾವುದೂ ಇನ್ನೊಂದನ್ನು ಮನೆಯಿಂದ ಹೊರಗೆ ಹಾಕಲಿಲ್ಲ. ಹಳೆಯ ಮನೆಗೆ ಅಗತ್ಯ ಬಿದ್ದಾಗಲೆಲ್ಲ ಒಂದೊಂದು ಕೋಣೆ ಸೇರಿಸುತ್ತಾ ಹೋದ ಹಾಗೆ ಅವು ಬೆಳೆದಿವೆ. ಹಳೆಯ ಕೋಣೆಗಳಲ್ಲಿ ಇಂದಿಗೂ ಜನ ವಾಸವಾಗಿದ್ದಾರೆ. ಆದ್ದರಿಂದ ಯಾವ ಸಿದ್ಧಾಂತವನ್ನೇ ಓದುವಾಗಲೂ ಅದು ಸರಿಯೋ ತಪ್ಪೋ ಎಂದು ಕೇಳುವ ಮೊದಲು, ಯಾವ ಕಾರ್ಖಾನೆಯಲ್ಲಿ, ಯಾವ ವರ್ಷ, ಯಾವ ಮಾಲೀಕನ ಯಾವ ತಲೆನೋವಿಗೆ ಅದು ಮದ್ದಾಗಿ ಬಂತು ಎಂದು ಕೇಳಿ. ಪರೀಕ್ಷೆಯಲ್ಲಿ ಇದಕ್ಕೆ ಅಂಕ ಸಿಗುತ್ತದೆಂದು ಭರವಸೆ ಕೊಡಲಾರೆ, ಆದರೆ ವಿಷಯ ಅರ್ಥವಾಗುತ್ತದೆ.

ಗಡಿಯಾರ ಹಿಡಿದು ಕೆಲಸ ಅಳೆದ ಅಮೆರಿಕದ ಎಂಜಿನಿಯರ್ ಟೇಲರ್‌ನಿಂದಲೇ ಶುರುಮಾಡೋಣ. 1899ರ ಸುಮಾರಿಗೆ ಅಮೆರಿಕದ ಬೆಥ್ಲೆಹೆಮ್ ಉಕ್ಕಿನ ಕಂಪನಿಯ ಅಂಗಳದಲ್ಲಿ ಮಾರಾಟವಾದ ಬೀಡುಕಬ್ಬಿಣದ ಗಟ್ಟಿಗಳು ರಾಶಿ ಬಿದ್ದಿದ್ದವು. ಒಂದೊಂದು ಗಟ್ಟಿಯ ತೂಕ 92 ಪೌಂಡ್, ಅಂದರೆ ಸುಮಾರು 42 ಕಿಲೋ. ಅದನ್ನು ಎತ್ತಿಕೊಂಡು ಇಳಿಜಾರು ಹಲಗೆಯ ಮೇಲೆ ಹತ್ತಿ ರೈಲು ವ್ಯಾಗನ್ನಿಗೆ ಹಾಕಬೇಕು. ಟೇಲರ್ ತನ್ನ 1911ರ ಪುಸ್ತಕದಲ್ಲಿ ಹೇಳುವ ಪ್ರಕಾರ, ಒಬ್ಬಾಳು ದಿನಕ್ಕೆ ಸರಾಸರಿ 12.5 ಟನ್ ಸಾಗಿಸುತ್ತಿದ್ದ. ಯಾವಾಗ ಎತ್ತಬೇಕು, ಯಾವಾಗ ಕೂರಬೇಕು ಎಂಬುದನ್ನೆಲ್ಲ ಗಡಿಯಾರ ಹಿಡಿದವನು ಹೇಳತೊಡಗಿದ ಮೇಲೆ ಅದೇ ಕೆಲಸ 47.5 ಟನ್ನಿಗೆ ಏರಿತು. ಕೂಲಿ 1.15 ಡಾಲರಿನಿಂದ 1.85 ಡಾಲರಿಗೆ ಏರಿತು. ನೀವೇ ಭಾಗಿಸಿ ನೋಡಿ: ಕೆಲಸ ಹತ್ತಿರಹತ್ತಿರ ನಾಲ್ಕು ಪಟ್ಟು, ಕೂಲಿಯ ಏರಿಕೆ ಶೇ. 60ರಷ್ಟು. ಈ ಅಂತರ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಯ ಸುತ್ತಲೇ ಮುಂದಿನ ನೂರು ವರ್ಷಗಳ ಜಗಳ ನಡೆದಿದೆ. ಟೇಲರ್ ಈ ಕಥೆಗೆ ಸಾಕಷ್ಟು ಉಪ್ಪುಖಾರ ಹಚ್ಚಿದ್ದಾನೆ ಎಂದು 1970ರ ದಶಕದಲ್ಲಿ ಕಂಪನಿಯ ಹಳೆಯ ಕಡತಗಳನ್ನು ಕೆದಕಿದ ಸಂಶೋಧಕರು ತೋರಿಸಿದ್ದಾರೆ. ನಮ್ಮ ಪಠ್ಯಗಳು ಮಾತ್ರ ಅದನ್ನು ಪವಾಡದ ಹಾಗೆ ಇನ್ನೂ ಒಪ್ಪಿಸುತ್ತವೆ.

ಟೇಲರ್‌ನ ತಲೆನೋವು ಸ್ಪಷ್ಟವಾಗಿತ್ತು. ಒಂದು ಕೆಲಸಕ್ಕೆ ನಿಜವಾಗಿ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಕೆಲಸಗಾರನಿಗೆ ಗೊತ್ತು, ಮಾಲೀಕನಿಗೆ ಗೊತ್ತಿಲ್ಲ. ಹೆಚ್ಚು ಮಾಡಿ ತೋರಿಸಿದರೆ ಪೀಸಿನ ದರ ಇಳಿಸುತ್ತಾರೆ ಎಂಬುದೂ ಕೆಲಸಗಾರನಿಗೆ ಗೊತ್ತು. ಹಾಗಾಗಿ ಎಲ್ಲರೂ ಸೇರಿ ಬೇಕೆಂದೇ ನಿಧಾನವಾಗಿ ಕೆಲಸ ಮಾಡುತ್ತಾರೆ. ಸ್ಟಾಪ್‌ವಾಚ್ ಆ ಗುಟ್ಟನ್ನು ಕಿತ್ತುಕೊಂಡು ಕಚೇರಿಯ ಕಾಗದಕ್ಕೆ ಇಳಿಸುವ ಸಾಧನ. ಕಾರ್ಮಿಕರಿಗೆ ಇದು ತಕ್ಷಣ ಅರ್ಥವಾಯಿತು. 1911ರ ಆಗಸ್ಟಿನಲ್ಲಿ ವಾಟರ್‌ಟೌನ್ ಎಂಬಲ್ಲಿನ ಸರ್ಕಾರಿ ಶಸ್ತ್ರಾಗಾರದ ಎರಕದ ಕೆಲಸಗಾರರು ಸ್ಟಾಪ್‌ವಾಚ್ ಕಂಡ ಕೂಡಲೇ ಹೊರನಡೆದರು. ಸಂಸತ್ತಿನ ಸಮಿತಿ ವಿಚಾರಣೆಗೆ ಕುಳಿತಿತು, ಟೇಲರ್ ಅದರ ಮುಂದೆ ಸಾಕ್ಷಿ ಹೇಳಿದ. ಮುಂದೆ ಸರ್ಕಾರಿ ಶಸ್ತ್ರಾಗಾರಗಳಲ್ಲಿ ಇಂಥ ಸಮಯ ಅಧ್ಯಯನಕ್ಕೆ ಹಣ ಬಳಸದಂತೆ ಸಂಸತ್ತು ನಿರ್ಬಂಧ ಹಾಕಿತು.

ಈಗ ನಿಮ್ಮ ಫ್ಲೋರಿಗೆ ಬನ್ನಿ. ಪ್ರತಿ ಲೈನಿನ ತುದಿಯಲ್ಲಿ ಗಂಟೆಗಂಟೆಯ ಲೆಕ್ಕ ಬರೆಯುವ ಬೋರ್ಡ್ ಇರುತ್ತದಲ್ಲ, ಅದರಲ್ಲಿನ ಸಂಖ್ಯೆ ಎಲ್ಲಿಂದ ಬರುತ್ತದೆಂದು ನಿಮ್ಮ ಐ.ಇ. (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ವಿಭಾಗದವರನ್ನು ಕೇಳಿ. ಕಾಲರ್ ಜೋಡಿಸುವ ಕೆಲಸಕ್ಕೆ 0.75 ನಿಮಿಷ ಎಂದು ನಿಗದಿ ಮಾಡಿದ್ದರೆ 60ನ್ನು ಅದರಿಂದ ಭಾಗಿಸಿ ಗಂಟೆಗೆ 80 ಎಂದು ಬರೆಯುತ್ತಾರೆ. ಟೇಲರ್‌ನ ಗಡಿಯಾರ ಮತ್ತು ಅವನ ಸಮಕಾಲೀನರಾದ ಗಿಲ್‌ಬ್ರೆತ್ ದಂಪತಿಯ ಚಲನೆಯ ಅಧ್ಯಯನ, ಇವೆರಡೂ ಸೇರಿ ಕೊಟ್ಟ ಫಲ ಆ 0.75. ಸೂಜಿ ಮುರಿದದ್ದು, ನೂಲು ತುಂಡಾದದ್ದು, ಹಿಂದಿನ ಮೆಷಿನ್ನಿನಿಂದ ಬಂಡಲ್ ಬರಲು ತಡವಾದದ್ದು, ನೀರು ಕುಡಿಯಲು ಎದ್ದದ್ದು, ಇದಕ್ಕೆಲ್ಲ ಅದರಲ್ಲಿ ಎಷ್ಟು ಜಾಗ ಬಿಟ್ಟಿದ್ದಾರೆ ಎಂಬುದರ ಮೇಲೆ ಸೂಪರ್‌ವೈಸರ್ ಆ ದಿನ ಎಷ್ಟು ಕೂಗಾಡುತ್ತಾನೆ ಎಂಬುದು ನಿರ್ಧಾರವಾಗುತ್ತದೆ. ಬೈಗುಳದ ದೂರು ನಿಮ್ಮ ಮೇಜಿಗೆ ಬರುತ್ತದೆ. ಅದರ ಮೂಲ ದಶಾಂಶದ ಆಚೆಗಿನ ಆ ಎರಡು ಅಂಕಿಗಳಲ್ಲಿರುತ್ತದೆ. ಆಹಾರ ತಲುಪಿಸುವ ಹುಡುಗರ ಮೊಬೈಲಿನಲ್ಲಿ ಓಡುವ ನಿಮಿಷದ ಲೆಕ್ಕವೂ ಇದೇ ವಂಶದ್ದು. ವ್ಯತ್ಯಾಸವೆಂದರೆ ಅಲ್ಲಿ ಗಡಿಯಾರ ಹಿಡಿದವನ ಮುಖವೇ ಕಾಣುವುದಿಲ್ಲ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ತಂದ ಕಾಯ್ದೆಯಲ್ಲಿ ಈ ಸ್ವಯಂಚಾಲಿತ ನಿಗಾ ವ್ಯವಸ್ಥೆಯ ಪಾರದರ್ಶಕತೆಯ ಪ್ರಸ್ತಾಪ ಇರುವುದು ಅದಕ್ಕಾಗಿಯೇ.

ಫಯೋಲ್ ಮತ್ತು ವೆಬರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಮ್ಮ ಪಠ್ಯ ಅವರಿಗೆ ಸಾಕಷ್ಟು ಪುಟ ಕೊಟ್ಟಿರುತ್ತದೆ. ಫಯೋಲ್ ಫ್ರಾನ್ಸಿನ ಗಣಿ ಎಂಜಿನಿಯರ್. 1888ರಲ್ಲಿ ಮುಳುಗುತ್ತಿದ್ದ ಕಂಪನಿಯ ಚುಕ್ಕಾಣಿ ಹಿಡಿದು ಅದನ್ನು ಎತ್ತಿ ನಿಲ್ಲಿಸಿದವನು. ಅವನ ತಲೆನೋವು ಮೇಲಿನದು: ಯಾರು ಯಾರಿಗೆ ಆದೇಶ ಕೊಡಬೇಕು, ಒಬ್ಬನಿಗೆ ಎಷ್ಟು ಮಂದಿ ಮೇಲಧಿಕಾರಿಗಳು. ಒಂದು ಮಾತು ಮಾತ್ರ ಗಮನಿಸಿ. ಫಯೋಲ್ ಬರೆದದ್ದು 1916ರಲ್ಲಿ. ಇಂಗ್ಲಿಷ್ ಓದುಗರಿಗೆ ಅವನು ವ್ಯಾಪಕವಾಗಿ ಸಿಕ್ಕಿದ್ದು 1949ರ ಅನುವಾದದ ನಂತರ. ಜರ್ಮನಿಯ ಸಮಾಜಶಾಸ್ತ್ರಜ್ಞ ವೆಬರ್‌ನ ಅಧಿಕಾರಶಾಹಿಯ ಬರಹ ಇಂಗ್ಲಿಷಿಗೆ ಬಂದದ್ದೂ 1940ರ ದಶಕದ ಕೊನೆಯ ಭಾಗದಲ್ಲಿ. ಎಂದರೆ ಅಮೆರಿಕದ ಮ್ಯಾನೇಜರುಗಳು ಮೇಯೊನನ್ನು ಮೊದಲು ಓದಿ, ಫಯೋಲ್ ಮತ್ತು ವೆಬರ್‌ರನ್ನು ಆಮೇಲೆ ಓದಿದರು. ಒಬ್ಬರನ್ನೊಬ್ಬರು ತಿದ್ದುತ್ತಾ ಬಂದರು ಎಂಬ ಸಾಲು ಪಠ್ಯ ಬರೆದವರು ಆಮೇಲೆ ಜೋಡಿಸಿದ್ದು.

ನಿಮ್ಮ ವಿಭಾಗದ ಮೂಲ ಹುಡುಕುವುದಾದರೆ ಫಯೋಲ್‌ಗಿಂತ ಫೋರ್ಡ್ ಹತ್ತಿರದವನು. 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಕಾರು ಜೋಡಣೆಯ ಸಾಲು ಚಲಿಸತೊಡಗಿತು. ಅದೇ ವರ್ಷ ಕೆಲಸ ಬಿಟ್ಟು ಹೋದವರ ಪ್ರಮಾಣ ಶೇ. 370ಕ್ಕೆ ಮುಟ್ಟಿತು, ನೂರು ಜಾಗ ತುಂಬಿಸಿಡಲು ವರ್ಷದಲ್ಲಿ 370 ಜನರನ್ನು ಹುಡುಕಿ ತರಬೇಕಾದ ಸ್ಥಿತಿ. 1914ರ ಜನವರಿಯಲ್ಲಿ ಫೋರ್ಡ್ ಎಂಟು ಗಂಟೆಯ ಕೆಲಸಕ್ಕೆ ದಿನಕ್ಕೆ ಐದು ಡಾಲರ್ ಘೋಷಿಸಿದ. ಜೊತೆಗೆ ಒಂದು ಸಮಾಜ ವಿಭಾಗ ತೆರೆದ. ಅದರ ತನಿಖಾಧಿಕಾರಿಗಳು ಕೆಲಸಗಾರರ ಮನೆಗೇ ಹೋಗಿ, ಕುಡಿಯುತ್ತಾನೆಯೇ, ಉಳಿತಾಯ ಮಾಡುತ್ತಾನೆಯೇ, ಮನೆ ಚೊಕ್ಕಟವಾಗಿದೆಯೇ ಎಂದು ನೋಡಿ ಬರುತ್ತಿದ್ದರು. ಪಾಸಾದವನಿಗೆ ಮಾತ್ರ ಪೂರ್ತಿ ಐದು ಡಾಲರ್. ಕಲ್ಯಾಣ ಮತ್ತು ಕಾವಲು ಒಂದೇ ಮೇಜಿನಲ್ಲಿ ಕೂರುವ ಪದ್ಧತಿ ಎಚ್.ಆರ್. ವಿಭಾಗಕ್ಕೆ ಆ ಕಾಲದಿಂದಲೇ ಅಂಟಿದೆ.

ಹಾರ್ವರ್ಡಿನ ಪ್ರಾಧ್ಯಾಪಕ ಮೇಯೊ ವಿಚಾರ ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಅತಿ ಹೆಚ್ಚು ಕಟ್ಟುಕಥೆ ಬೆಳೆದಿರುವುದು ಇಲ್ಲಿಯೇ. ಷಿಕಾಗೋ ಬಳಿಯ ಹಾಥಾರ್ನ್‌ನಲ್ಲಿ ಟೆಲಿಫೋನ್ ಉಪಕರಣ ಮಾಡುವ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಭಾರಿ ಕಾರ್ಖಾನೆ. 1924ರಲ್ಲಿ ಬೆಳಕಿನ ಪ್ರಯೋಗ ಶುರುವಾಯಿತು. ಆಗ ಮೇಯೊ ಅಲ್ಲಿ ಇರಲೇ ಇಲ್ಲ, ಅವನು ಕಾಲಿಟ್ಟದ್ದು 1928ರಲ್ಲಿ. ಬೆಳಕು ಹೆಚ್ಚಿಸಿದರೂ ಉತ್ಪಾದನೆ ಏರಿತು, ತಗ್ಗಿಸಿದರೂ ಏರಿತು ಎಂಬ ಪ್ರಸಿದ್ಧ ಮಾತನ್ನು ನೀವೂ ಬಾಯಿಪಾಠ ಮಾಡಿರುತ್ತೀರಿ. ಉಳಿದುಬಂದ ಅಂಕಿಅಂಶಗಳನ್ನು 2011ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಮತ್ತೆ ಲೆಕ್ಕ ಹಾಕಿದಾಗ ಅಷ್ಟು ನಾಟಕೀಯವಾದುದೇನೂ ಕಾಣಲಿಲ್ಲ. ನಂತರದ್ದು ಟೆಲಿಫೋನಿನ ರಿಲೇ ಎಂಬ ಸ್ವಿಚ್ಚು ಜೋಡಿಸುವ ಐವರು ಯುವತಿಯರ ಪ್ರತ್ಯೇಕ ಕೊಠಡಿ. ವಿರಾಮ ಕೊಟ್ಟರು, ಕೆಲಸದ ಅವಧಿ ಕಡಿಮೆ ಮಾಡಿದರು, ಉತ್ಪಾದನೆ ಏರಿತು. ಗಮನ ಮತ್ತು ಸ್ನೇಹದ ವಾತಾವರಣವೇ ಇದಕ್ಕೆ ಕಾರಣ ಎಂದು ಮೇಯೊ ಬಳಗ ಸಾರಿತು. ಪಠ್ಯ ಬಿಟ್ಟುಬಿಡುವ ಎರಡು ಸಂಗತಿಗಳಿವೆ. ಆ ಐವರ ಗಳಿಕೆಯನ್ನು ಅವರ ಸಣ್ಣ ಗುಂಪಿನ ಉತ್ಪಾದನೆಗೇ ಕಟ್ಟಿಹಾಕಲಾಗಿತ್ತು, ಅಂದರೆ ಹೆಚ್ಚು ಮಾಡಿದರೆ ಹಣ ನೇರವಾಗಿ ಅವರ ಕೈಗೇ ಬರುತ್ತಿತ್ತು. ಇನ್ನೊಂದು, ಮಾತು ಜಾಸ್ತಿ, ಸಹಕಾರ ಕಡಿಮೆ ಎಂದು ಇಬ್ಬರನ್ನು ನಡುವೆಯೇ ಎಬ್ಬಿಸಿ ಬೇರೆ ಇಬ್ಬರನ್ನು ತಂದು ಕೂರಿಸಲಾಗಿತ್ತು. ಸ್ನೇಹದ ವಾತಾವರಣ ಹೀಗೂ ಮೂಡುತ್ತದೆ.

ನನ್ನ ಪ್ರಕಾರ ಹಾಥಾರ್ನ್‌ನಲ್ಲಿ ನಿಜವಾಗಿ ಬೆಲೆಬಾಳುವುದು ಕೊನೆಯ ಭಾಗ, 1931-32ರ ವೈರಿಂಗ್ ಕೊಠಡಿ. ಅಲ್ಲಿ 14 ಗಂಡಸರನ್ನು ಏನೂ ಬದಲಿಸದೆ ಬರೀ ಗಮನಿಸಿದರು. ದಿನಕ್ಕೆ ಇಷ್ಟೇ ಕೆಲಸ ಎಂದು ಅವರೇ ಒಳಗೊಳಗೆ ಗೆರೆ ಎಳೆದುಕೊಂಡಿದ್ದರು. ಗೆರೆ ದಾಟಿ ಓಡಿದವನ ತೋಳಿಗೆ ಪಕ್ಕದವನು ಒಂದು ಗುದ್ದು ಕೊಡುತ್ತಿದ್ದ. ತೀರಾ ಕಡಿಮೆ ಮಾಡಿದವನಿಗೂ ಮರ್ಯಾದೆ ಇರಲಿಲ್ಲ. ಟೇಲರ್ ಮೂವತ್ತು ವರ್ಷ ಹೋರಾಡಿದ್ದು ಇದರ ವಿರುದ್ಧವೇ, ಅದು ಅಲ್ಲಿ ಹಾಗೆಯೇ ಜೀವಂತವಾಗಿತ್ತು. ಸಂಶೋಧಕರು ಇದನ್ನು ತರ್ಕಕ್ಕಿಂತ ಭಾವನೆಯ ವರ್ತನೆ ಎಂದು ಓದಿದರು. ಮಹಾ ಆರ್ಥಿಕ ಕುಸಿತದ ನಡುವೆ, ಕೆಲಸ ಬೇಗ ಮುಗಿದರೆ ಮನೆಗೆ ಕಳಿಸುತ್ತಾರೆ ಎಂದು ಹೆದರಿದವರ ವರ್ತನೆಯಲ್ಲಿ ನನಗಂತೂ ತರ್ಕವೇ ಹೆಚ್ಚು ಕಾಣುತ್ತದೆ.

ಮಾಸ್ಲೊ, ಹರ್ಜ್‌ಬರ್ಗ್, ಮ್ಯಾಕ್‌ಗ್ರೆಗರ್, ಈ ಮೂವರನ್ನು ಒಂದೇ ಉಸಿರಿನಲ್ಲಿ ಮುಗಿಸುತ್ತೇನೆ. ಯುದ್ಧಾನಂತರದ ಅಮೆರಿಕದಲ್ಲಿ ಹೊಟ್ಟೆ ತುಂಬಿದ, ಓದಿದ, ಕಾಲರ್ ಬಿಳಿಯಾದ ನೌಕರವರ್ಗ ಬೆಳೆಯಿತು. ಗದರಿಸಿದರೆ ಅವರು ಬೇರೆ ಕಡೆ ಹೋಗುತ್ತಾರೆ. ಪ್ರೇರಣೆಯ ಸಿದ್ಧಾಂತಗಳು ಆ ತಲೆನೋವಿನ ಕೂಸುಗಳು. ಹರ್ಜ್‌ಬರ್ಗ್ ಮಾತಾಡಿಸಿದ್ದು ಎಂಜಿನಿಯರುಗಳನ್ನು ಮತ್ತು ಲೆಕ್ಕಿಗರನ್ನು ಎಂಬುದನ್ನು ನೆನಪಿಡಿ. ಸಂಬಳ ಪ್ರೇರಣೆ ಕೊಡುವುದಿಲ್ಲ ಎಂಬ ವಾಕ್ಯವನ್ನು ನಿಮ್ಮಲ್ಲಿ ಬಟ್ಟೆ ಹೊಲಿಯುವ ಹೆಣ್ಣುಮಗಳಿಗೆ ಅನ್ವಯಿಸುವ ಮೊದಲು ಎರಡು ಸಲ ಯೋಚಿಸಿ. ಮನುಷ್ಯನ ಅಗತ್ಯಗಳನ್ನು ಹಂತಹಂತವಾಗಿ ತೋರಿಸುವ, ಮಾಸ್ಲೊನ ಹೆಸರಿನ ಆ ಪಿರಮಿಡ್ಡಂತೂ ಅವನ 1943ರ ಲೇಖನದಲ್ಲಿ ಇಲ್ಲವೇ ಇಲ್ಲ, ಅದನ್ನು ಬಿಡಿಸಿದವರು ಆಮೇಲೆ ಬಂದ ಮ್ಯಾನೇಜ್‌ಮೆಂಟ್ ಬರಹಗಾರರು.

ಅದರ ಬದಲು ಅಹಮದಾಬಾದಿನ ಒಂದು ಪ್ರಯೋಗಕ್ಕೆ ನಿಮ್ಮ ಪಠ್ಯ ಎರಡು ಪುಟ ಕೊಟ್ಟಿದ್ದರೆ ಚೆನ್ನಾಗಿತ್ತು. ಕ್ಯಾಲಿಕೊ ಮಿಲ್ಲಿಗೆ ಸ್ವಯಂಚಾಲಿತ ಮಗ್ಗಗಳು ಬಂದಿದ್ದವು. ಶಾಸ್ತ್ರೋಕ್ತವಾಗಿ ಸಮಯ ಅಧ್ಯಯನ ಮಾಡಿ ನೇಯುವವನು, ಮಗ್ಗದ ಬ್ಯಾಟರಿಗೆ ನೂಲಿನ ಕಂಡಿಕೆ ತುಂಬಿಸುವವನು, ಎಣ್ಣೆ ಹಾಕುವವನು, ಗುಡಿಸುವವನು ಎಂದು ಹನ್ನೆರಡು ಬಗೆಯ ಕೆಲಸಗಳಾಗಿ ಒಡೆದರು. ಆದರೂ ಬಟ್ಟೆಯ ಪ್ರಮಾಣ ಹೆಚ್ಚಲಿಲ್ಲ, ಹಾಳಾಗುವುದು ಕಡಿಮೆಯಾಗಲಿಲ್ಲ. 1953ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಸಂಶೋಧಕ ಎ.ಕೆ. ರೈಸ್ ಬಂದು, ಇಷ್ಟು ಮಗ್ಗಗಳಿಗೆ ಇಷ್ಟು ಜನರ ಒಂದು ಗುಂಪು ಪೂರ್ತಿ ಜವಾಬ್ದಾರಿ ಹೊತ್ತರೆ ಹೇಗೆ ಎಂಬ ಸಲಹೆ ಮುಂದಿಟ್ಟ. ಮುಂದಿನದನ್ನು ಕೆಲಸಗಾರರೇ ಮಾಡಿದರು. ಯಾರು ಯಾರ ಜೊತೆ ಎಂದು ತಾವೇ ಗುಂಪು ಕಟ್ಟಿಕೊಂಡರು. ಉತ್ಪಾದನೆ ಏರಿತು, ಹಾಳಾಗುವುದು ಇಳಿಯಿತು. 1970ರಲ್ಲಿ ಅದೇ ಸಂಸ್ಥೆಯ ಎರಿಕ್ ಮಿಲ್ಲರ್ ಹೋಗಿ ನೋಡಿದಾಗ ಒಂದು ಶೆಡ್ಡಿನಲ್ಲಿ ಗುಂಪು ಪದ್ಧತಿ ಉಳಿದಿತ್ತು, ಉಳಿದ ಕಡೆ ಬಹುಮಟ್ಟಿಗೆ ಹಳೆಯ ರೂಢಿ ಮರಳಿತ್ತು. ಯಶಸ್ವಿಯಾದ ಪ್ರಯೋಗವೂ ತಾನಾಗಿ ಉಳಿಯುವುದಿಲ್ಲ. ಒತ್ತಡ ಬಂದಾಗ ಮ್ಯಾನೇಜರ್ ಕೈಹಾಕುವುದು ಹತ್ತಿರದ ಸಾಧನಕ್ಕೆ, ಅದು ಟೇಲರ್‌ನದು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಭಾರತದಲ್ಲಿ ಪರ್ಸನಲ್ ವಿಭಾಗ ಹುಟ್ಟಿದ್ದು ಸಿದ್ಧಾಂತ ಓದಿ ಅಲ್ಲ. ಗಿರಣಿಗಳಲ್ಲಿ ಆಳು ತರುವವನು, ಬಿಡಿಸುವವನು, ರಜೆ ಕೊಡುವವನು, ಮಾಮೂಲಿ ತಿನ್ನುವವನು ಎಲ್ಲವೂ ಮೇಸ್ತ್ರಿಯೇ. 1929ರಲ್ಲಿ ನೇಮಕವಾಗಿ 1931ರಲ್ಲಿ ವರದಿ ಕೊಟ್ಟ ವಿಟ್ಲಿ ಅಧ್ಯಕ್ಷತೆಯ ರಾಯಲ್ ಕಮಿಷನ್, ನೇಮಕಾತಿಯನ್ನು ಮೇಸ್ತ್ರಿಯ ಕೈಯಿಂದ ತೆಗೆದು ಲೇಬರ್ ಆಫೀಸರ್ ಕೈಗೆ ಕೊಡಿ ಎಂದಿತು. 1948ರ ಕಾರ್ಖಾನೆ ಕಾಯ್ದೆಯ 49ನೇ ಕಲಮು 500 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಕಲ್ಯಾಣಾಧಿಕಾರಿ ಕಡ್ಡಾಯ ಎಂದಿತು. ಕೆಲಸದ ಜಾಗದ ಸುರಕ್ಷತೆಗೆಂದು ಬಂದ 2020ರ ಕಾರ್ಮಿಕ ಸಂಹಿತೆ ಆ ಮಿತಿಯನ್ನು 250ಕ್ಕೆ ಇಳಿಸಿದೆ. ಕಾನೂನು ಒತ್ತಾಯಿಸದೆ ಮೊದಲೇ ಮಾಡಿದವರೂ ಇದ್ದರು. ಜವಳಿ ಗಿರಣಿಯ ಗಂಡಾಳಿಗೆ ಕಾಯ್ದೆಯೇ 12 ಗಂಟೆಯ ದುಡಿಮೆ ಒಪ್ಪಿದ್ದ ಕಾಲದಲ್ಲಿ, 1912ರಲ್ಲಿ, ಜಮ್‌ಷೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ ಎಂಟು ಗಂಟೆಯ ದಿನ ತಂದಿತು. ನಮ್ಮ ಕೋಲಾರದ ಗಣಿಗಳಲ್ಲಿ ನಡೆದದ್ದು ಬೇರೆ. 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದುಕೊಂಡು ನೋಂದಾಯಿಸಲು ಹೊರಟಾಗ ಸಾವಿರಾರು ಜನ ಗಣಿಗಿಳಿಯದೆ ಮುಷ್ಕರ ಹೂಡಿದರು. ಹಾಜರಿ ಪುಸ್ತಕ ಬರೀ ಹಾಜರಿ ಪುಸ್ತಕ ಎಂದು ಕಾರ್ಮಿಕರು ಎಂದೂ ನಂಬಿದ್ದಿಲ್ಲ.

ಮ್ಯಾನೇಜ್‌ಮೆಂಟ್ ಬರಹಗಾರ ಪೀಟರ್ ಡ್ರಕ್ಕರ್ 1954ರಲ್ಲೇ ಪರ್ಸನಲ್ ವಿಭಾಗವನ್ನು ಗೇಲಿ ಮಾಡಿದ್ದ: ಸ್ವಲ್ಪ ಗುಮಾಸ್ತಿಕೆ, ಸ್ವಲ್ಪ ಮನೆವಾರ್ತೆ, ಸ್ವಲ್ಪ ಸಮಾಜಸೇವೆ, ಉಳಿದದ್ದು ಯೂನಿಯನ್ ಬೆಂಕಿ ಆರಿಸುವುದು. ನಾನು ಆ ವಿಭಾಗದಲ್ಲಿ ಕೆಲಸಕ್ಕೆ ಸೇರಿದಾಗಲೂ ವರ್ಣನೆ ತಪ್ಪಾಗಿರಲಿಲ್ಲ. ಅಮೆರಿಕದಲ್ಲಿ ಬದಲಾವಣೆ ಬಂದದ್ದು 1980ರ ದಶಕದಲ್ಲಿ. ಜಪಾನಿನ ಕಾರುಗಳು ಅವರ ಮಾರುಕಟ್ಟೆ ತಿನ್ನುತ್ತಿದ್ದವು, ಯೂನಿಯನ್‌ಗಳು ಸೊರಗುತ್ತಿದ್ದವು. ಹಾರ್ವರ್ಡ್ 1981ರಲ್ಲಿ ಈ ವಿಷಯವನ್ನು ಎಂ.ಬಿ.ಎ.ಗೆ ಕಡ್ಡಾಯ ಮಾಡಿತು. 1984ರಲ್ಲಿ ಎರಡು ಮಾದರಿಗಳು ಬಂದವು. ಹಾರ್ವರ್ಡಿನವರು ಷೇರುದಾರರ ಜೊತೆಗೆ ಯೂನಿಯನ್, ಸರ್ಕಾರ, ಸಮುದಾಯ ಎಲ್ಲರನ್ನೂ ಚಿತ್ರದಲ್ಲಿ ಇಟ್ಟರು. ಮಿಷಿಗನ್‌ ವಿಶ್ವವಿದ್ಯಾಲಯದವರು ಆಯ್ಕೆ, ಮೌಲ್ಯಮಾಪನ, ಪ್ರತಿಫಲ, ಅಭಿವೃದ್ಧಿ ಎಂಬ ನಾಲ್ಕನ್ನು ಕಂಪನಿಯ ಕಾರ್ಯತಂತ್ರಕ್ಕೆ ಬಿಗಿದರು. ಕಾಲೇಜಿನಲ್ಲಿ ಕಲಿಸುವುದು ಮೊದಲನೆಯದನ್ನು, ಕಂಪನಿಗಳು ನಡೆಸುವುದು ಎರಡನೆಯದನ್ನು. ಭಾರತದಲ್ಲಿ ಪ್ರಾಧ್ಯಾಪಕರಾದ ಉದಯ್ ಪಾರೀಕ್ ಮತ್ತು ಟಿ.ವಿ. ರಾವ್ ಸೇರಿ ಎಲ್ ಅಂಡ್ ಟಿ ಕಂಪನಿಗೆ ಮಾನವ ಸಂಪನ್ಮೂಲ ಅಭಿವೃದ್ಧಿ ವ್ಯವಸ್ಥೆ ರೂಪಿಸಿದ್ದು 1975ರ ಸುಮಾರಿಗೆ, ಎಂದರೆ ಹಾರ್ವರ್ಡ್ ಮಾದರಿಗಿಂತ ಮೊದಲೇ. ಇದು ನಿಮ್ಮ ಪಠ್ಯದಲ್ಲಿ ಎಷ್ಟನೆಯ ಅಧ್ಯಾಯದಲ್ಲಿದೆ ನೋಡಿ.

ಹಾಗಾದರೆ ಹೊಸ ಬೋರ್ಡ್ ಅಷ್ಟೆಯೇ? ಪೂರ್ತಿ ಅಲ್ಲ. ಎರಡು ಸಂಗತಿಗಳು ನಿಜವಾಗಿ ಬದಲಾದವು. ಮೊದಲನೆಯದು, ಉತ್ಪಾದನೆಯ ಯೋಜನೆ ಮಾಡುವ ಮೇಜಿನಲ್ಲಿ ಜನರ ಲೆಕ್ಕ ನೋಡುವವನಿಗೂ ಕುರ್ಚಿ ಸಿಕ್ಕಿತು, ಹಾಗಾಗಿ ತರಬೇತಿ ಖರ್ಚಿನ ಬಾಬ್ತಾಗಿದ್ದದ್ದು ಹೂಡಿಕೆಯ ಬಾಬ್ತಾಯಿತು. ಎರಡನೆಯದು ಯಾರೂ ಗಟ್ಟಿಯಾಗಿ ಹೇಳದ ಬದಲಾವಣೆ: ಮೊದಲು ಎದುರು ಕುಳಿತಿರುತ್ತಿದ್ದವರು ಕಾರ್ಮಿಕರ ಸಂಘ, ಈಗ ಎದುರಿರುವುದು ಒಬ್ಬೊಬ್ಬನೇ ನೌಕರ, ಅವನ ಕೈಯಲ್ಲಿ ಅವನ ಅಪ್ರೈಸಲ್ ಹಾಳೆ. ಬೆಂಗಳೂರಿನಲ್ಲೇ ಈ ಎರಡೂ ಲೋಕಗಳನ್ನು ನೋಡಬಹುದು. 1980ರ ಡಿಸೆಂಬರಿನಿಂದ 1981ರ ಮಾರ್ಚಿನವರೆಗೆ ಎಚ್‌.ಎ.ಎಲ್., ಬಿ.ಇ.ಎಲ್., ಎಚ್.ಎಂ.ಟಿ., ಐ.ಟಿ.ಐ.ಗಳ ಕಾರ್ಮಿಕರು ವೇತನಕ್ಕಾಗಿ 77 ದಿನ ಮುಷ್ಕರ ಮಾಡಿದರು. ಆಮೇಲೆ ಇದೇ ಊರಿನಲ್ಲಿ ಬೆಳೆದ ಸಾಫ್ಟ್‌ವೇರ್ ಉದ್ಯಮ ಯೂನಿಯನ್ ಇಲ್ಲದೆಯೇ, ಕೆಲಸದ ಷರತ್ತುಗಳನ್ನು ಲಿಖಿತವಾಗಿ ನಿಗದಿ ಮಾಡಬೇಕೆನ್ನುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ ವಿನಾಯಿತಿ ಪಡೆದುಕೊಂಡೇ ಬೆಳೆಯಿತು. ನಮ್ಮ ಎಚ್.ಆರ್. ಪಠ್ಯಗಳು ಎರಡನೆಯ ಲೋಕದ ಭಾಷೆಯಲ್ಲಿವೆ. ನಿಮ್ಮ ಕಾರ್ಖಾನೆ ಇರುವುದು ಮೊದಲನೆಯದರಲ್ಲಿ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ಹಿಂಪಡೆಯುವ ನಿಯಮ ಬದಲಿಸಿದಾಗ ಸಾವಿರಾರು ಗಾರ್ಮೆಂಟ್ ಹೆಣ್ಣುಮಕ್ಕಳು ಬೆಂಗಳೂರಿನ ರಸ್ತೆಗಿಳಿದರು, ಕೇಂದ್ರ ಸರ್ಕಾರ ನಿಯಮ ವಾಪಸು ಪಡೆಯಿತು. ಯಾವ ನೌಕರರ ತೃಪ್ತಿಯ ಸಮೀಕ್ಷೆಯೂ ಆ ಅಸಮಾಧಾನವನ್ನು ಮುಂಚಿತವಾಗಿ ಹಿಡಿದಂತೆ ತೋರುವುದಿಲ್ಲ.

ಕೊನೆಯ ಪ್ರಶ್ನೆಗೆ ನರಸಾಪುರವನ್ನೇ ಉದಾಹರಣೆ ಕೊಡುತ್ತೇನೆ. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ವೇತನದ ದೂರಿನಿಂದ ಹೊತ್ತಿದ ಗಲಭೆ ನಿಮಗೆ ನೆನಪಿರುತ್ತದೆ. ಕಾರ್ಖಾನೆಗಳ ಇಲಾಖೆಯ ಪ್ರಾಥಮಿಕ ವರದಿ ಹೇಳಿದ್ದು ಇಷ್ಟು: ಕಾರ್ಮಿಕರ ಸಂಖ್ಯೆ ಅಲ್ಪ ಕಾಲದಲ್ಲಿ 5,000ದಿಂದ 10,500ಕ್ಕೆ ಏರಿತು, ಆದರೆ ಕಾರ್ಮಿಕ ಕಾನೂನು ಬಲ್ಲವರನ್ನು ಇಟ್ಟುಕೊಂಡು ಎಚ್.ಆರ್. ವಿಭಾಗವನ್ನು ಅದಕ್ಕೆ ತಕ್ಕಂತೆ ಕಟ್ಟಿರಲಿಲ್ಲ. ಹಾಜರಿ ವ್ಯವಸ್ಥೆಯಲ್ಲಿ ದೋಷವಿತ್ತು, ಶಿಫ್ಟು 12 ಗಂಟೆಗೆ ಬದಲಾಗಿತ್ತು, ಸಂಬಳದ ಲೆಕ್ಕ ತಪ್ಪುತ್ತಿತ್ತು. ಕೆಲವರಿಗೆ ಸರಿಯಾಗಿ, ಸಕಾಲದಲ್ಲಿ ವೇತನ ಸಿಗಲಿಲ್ಲ ಎಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆದುಹಾಕಿತು. ಜಗತ್ತಿನ ಅತ್ಯಾಧುನಿಕ ಉತ್ಪನ್ನ ತಯಾರಾಗುವ ಕಡೆ ಮುಗ್ಗರಿಸಿದ್ದು ಮಸ್ಟರ್ ರೋಲ್ ಎಂಬ ಹಾಜರಿ ಪುಸ್ತಕದಲ್ಲಿ.

ಆದ್ದರಿಂದ ಮೊದಲು ಕಾರ್ಮಿಕ ಕಾನೂನು ಮಾಡಿ. 2025ರ ನವೆಂಬರಿನಲ್ಲಿ ಹಳೆಯ ಕಾಯ್ದೆಗಳ ಬದಲಿಗೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿರುವುದರಿಂದ ಹಳೆಯ ನೋಟ್ಸ್ ಕೊಳ್ಳಬೇಡಿ, ಹೊಸ ಪಠ್ಯಕ್ರಮ ಇರುವ ಕಡೆಯೇ ಸೇರಿ. ಡೇಟಾ ಅನಲಿಟಿಕ್ಸ್ ಬೇಡವೆಂದಲ್ಲ, ಅದಕ್ಕೆ ಸಂಜೆಯ ತರಗತಿ ಸಾಕು. ನಿಮ್ಮ ಬಳಿ ಹಾಜರಿ, ಓಟಿ, ಕೆಲಸ ಬಿಟ್ಟವರ ಪಟ್ಟಿ ಈಗಾಗಲೇ ಇದೆ. ಕಳೆದ ಒಂದು ವರ್ಷದಲ್ಲಿ ಕೆಲಸ ಬಿಟ್ಟವರು ಯಾವ ಲೈನಿನವರು, ಆ ಲೈನಿನ ಗಂಟೆಯ ಟಾರ್ಗೆಟ್ ಎಷ್ಟಿತ್ತು, ಎರಡನ್ನೂ ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಬರೆದು ನೋಡಿ. ಪ್ರಾಜೆಕ್ಟ್ ವರದಿಗೆ ವಿಷಯ ಹುಡುಕುತ್ತಿದ್ದರೆ ಅದೇ ಸಾಕಾಗುತ್ತದೆ. ಐ.ಇ. ವಿಭಾಗದವರು ಆ ನಿಮಿಷದ ಲೆಕ್ಕ ಕೊಡಲು ಒಪ್ಪದಿದ್ದರೆ, ವರದಿಯ ಮೊದಲ ಅಧ್ಯಾಯದಲ್ಲಿ ಅದನ್ನೂ ಬರೆಯಿರಿ.